ಒಳಗೇ ಉಳಿದ ಲೆಕ್ಕ

ಯಂತ್ರ ಕೂಗಿಕೊಳ್ಳುವಷ್ಟರಲ್ಲಿ ದರ್ಜಿಯ ತುಟಿ ಬಿಳಿಚಿಕೊಂಡಿತ್ತು. ಡಯಾಲಿಸಿಸ್ ಕೋಣೆಯ ಹಿರಿಯ ನರ್ಸ್ ಓಡಿ ಬಂದು, ಅವರ ಮೈಯಿಂದ ನೀರು ತೆಗೆಯುವುದನ್ನು ನಿಲ್ಲಿಸಿದಳು. ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಕಾಲು ಎತ್ತರಿಸಿ, ಸಲೈನ್ ಬಿಟ್ಟಳು.

"ಬಿ.ಪಿ. ತುಂಬಾ ಇಳಿದಿದೆ. ಯಜಮಾನ್ರೇ, ಕಣ್ಣು ಮುಚ್ಚಬೇಡಿ. ನನ್ನನ್ನೇ ನೋಡ್ತಿರಿ."

ಮೂಲೆಯ ಕಂಪ್ಯೂಟರಿನ ಮುಂದಿದ್ದ ಅವರ ಸೊಸೆ ಎದ್ದು ನಿಂತಳು. ರೋಗಿಯ ತೂಕ ನೋಡಿ, ಎಷ್ಟು ನೀರು ತೆಗೆಯಬೇಕೆಂದು ಲೆಕ್ಕ ಹಾಕಿ ಯಂತ್ರಕ್ಕೆ ತಿಳಿಸುವ ಪ್ರೋಗ್ರಾಮ್ ಅವಳೇ ಬರೆದದ್ದು. ಇವತ್ತು ಅದರ ಮೊದಲ ದಿನ.

"ಪರದೆ ಮೇಲೆ ಒಂದೂವರೆ ಲೀಟರ್ ಅಂತಲೇ ಇದೆಯಲ್ಲ ಸಿಸ್ಟರ್?"

"ಪರದೆ ಮೇಲಿದೆ. ಯಂತ್ರ ಮೂರಕ್ಕೆ ಹೊರಟಿತ್ತು." ನರ್ಸ್ ದನಿ ಏರಿಸಲಿಲ್ಲ. "ನಿಮ್ಮ ಮಾವನ್ನ ನಾನು ನೋಡ್ಕೋತೀನಿ. ಪಕ್ಕದವರದ್ದೂ ನಿಲ್ಲಿಸಿದೀನಿ. ನೀನು ಅದನ್ನ ನೋಡು ಕಣಮ್ಮ."

ಸೊಸೆ ಪ್ರೋಗ್ರಾಮ್ ತೆರೆದು ಸಾಲುಸಾಲಾಗಿ ಓದಿದಳು. ಲೆಕ್ಕ ಹಾಕುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಆ ತುಂಡು, ಸರಿಯಾಗೇ ಇತ್ತು. ಉತ್ತರವನ್ನು ಪರದೆಗೆ ತೋರಿಸುವ ಸಾಲೂ ಅದರೊಳಗೇ ಇತ್ತು. ಮತ್ತೆ ಮೊದಲಿನಿಂದ ಓದಿದಳು. ಫಂಕ್ಷನ್ನಿನ ಒಳಗೊಂದು 'ನೀರು', ಹೊರಗೊಂದು 'ನೀರು'. ಹೆಸರು ಒಂದೇ, ಅಂಕಿ ಹಿಡಿದಿಡುವ ಡಬ್ಬಿ ಬೇರೆ. ಮಾವನ ಲೆಕ್ಕ ಹಿಡಿದಿದ್ದ ಒಳಗಿನ ಡಬ್ಬಿ, ಫಂಕ್ಷನ್ ಮುಗಿದೊಡನೆ ಅದರ ಜೊತೆಗೇ ಅಳಿಸಿಹೋಗಿತ್ತು. ಬೆಳಿಗ್ಗೆ ಇದೇ ಕುರ್ಚಿಯಲ್ಲಿದ್ದ ಲಾರಿ ಡ್ರೈವರಿಗೆಂದು ಅವಳೇ ಕೈಯಾರೆ ತುಂಬಿದ್ದ ಮೂರು ಲೀಟರ್, ಹೊರಗಿನ ಡಬ್ಬಿಯಲ್ಲಿ ಹಾಗೇ ಕೂತಿತ್ತು. ಯಂತ್ರ ನೋಡುತ್ತಿದ್ದದ್ದು ಹೊರಗಿನದನ್ನು.

"ಸಿಕ್ತು ಸಿಸ್ಟರ್. ಒಳಗೆ ಲೆಕ್ಕ ಮಾಡಿ ತೋರಿಸಿದೀನಿ ಅಷ್ಟೆ. ಅದನ್ನ ಹೊರಗೆ ವಾಪಸ್ ಕೊಡೋ ಸಾಲೇ ಬರೆದಿಲ್ಲ."

ನರ್ಸ್ ತನ್ನ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದಳು. "ಮೊದಲು ಕುಡಿ. ಆಮೇಲೆ ಬರಿ. ಇವತ್ತೊಂದಿನ ಎಲ್ಲರದ್ದೂ ನಾನೇ ಕೈಯಿಂದ ತುಂಬ್ತೀನಿ, ಬೇಜಾರಿಲ್ಲ ತಾನೆ?"

"ನಾನೇ ಕೇಳೋಳಿದ್ದೆ."

ದರ್ಜಿಯ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು. ನರ್ಸ್ ಅವರ ಪಾದಗಳಿಗೆ ಹೊದಿಕೆ ಸುತ್ತುತ್ತಾ ಕೇಳಿದಳು: "ತಲೆ ಯಾವಾಗಿಂದ ತಿರುಗ್ತಿತ್ತು?"

"ತುಂಬಾ ಹೊತ್ತಾಯ್ತಮ್ಮ."

"ಮತ್ತೆ ಕರೆಯೋದಲ್ವಾ? ನಾನೇನು ಕಚ್ತೀನಾ?"

ದರ್ಜಿ ಸೊಸೆಯ ಕಡೆ ನೋಡಲಿಲ್ಲ. "ಇವಳ ಪ್ರೋಗ್ರಾಮಿಗೆ ಮೊದಲನೇ ದಿನ. ಮನೆಯವನೇ ಮೊದಲು ತಕರಾರು ತೆಗೆದ ಅಂತಾಗಬಾರದು ನೋಡಿ."

ನರ್ಸನ್ನು ಕರೆಯಲು ಒತ್ತುವ ಗುಂಡಿ ಅವರ ದಿಂಬಿನ ಕೆಳಗೆ ಸಿಕ್ಕಿತು. ತಪ್ಪಿಯೂ ಒತ್ತದ ಹಾಗೆ, ದರ್ಜಿ ಅದರ ಸುತ್ತ ಅದರದೇ ವೈರನ್ನು ರೀಲಿಗೆ ದಾರ ಸುತ್ತಿದಂತೆ ಒತ್ತೊತ್ತಾಗಿ ಸುತ್ತಿಟ್ಟಿದ್ದರು. ಸೊಸೆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬಿಚ್ಚತೊಡಗಿದಳು. ಸುತ್ತು ಮುಗಿಯುತ್ತಲೇ ಇರಲಿಲ್ಲ.