ಕಸುಬಿನ ತೆರಿಗೆ ರದ್ದಾದ ಮೇಲೆ

ಜನರ ಕಸುಬಿಗೆ ಪುರಸಭೆ ತೆರಿಗೆ ಹಾಕುವಂತಿಲ್ಲ ಎಂದು ಆದೇಶ ಬಂದಾಗ, ಅದಕ್ಕಾಗಿ ಹೋರಾಡಿದ್ದ ಪುರಸಭಾ ಸದಸ್ಯೆ ಶಾಂತಲಾಬಾಯಿ ಬಸ್ ನಿಲ್ದಾಣಕ್ಕೆ ಹೋಗಿ, ಗೋಡೆಯ ಬದಿಯಲ್ಲಿ ಕುಳಿತು ಬ್ಯಾಗಿನ ಜಿಪ್ ಸರಿಮಾಡುವ ಹುಲಿಗೆಮ್ಮನಿಗೆ ತಾವೇ ತಿಳಿಸಿದರು.

"ತೆರಿಗಿ ರಸೀದಿ ಇಲ್ಲಂದ್ರ ಪೊಲೀಸ್ರು ಇಲ್ಲಿ ಕುಂದ್ರಾಕ ಬಿಡ್ತಾರೇನ್ರೀ, ಅಕ್ಕಾರ?"

"ಯಾರೂ ಕೇಳಂಗಿಲ್ಲ. ಹಳೇ ರಸೀದಿನೂ ಹರದು ಒಗಿ."

ಹುಲಿಗೆಮ್ಮ ನಗುತ್ತ ಹರಿದಳು. ಶಾಂತಲಾಬಾಯಿಯವರ ಚೀಲದ ಜಿಪ್ ಸರಿಮಾಡಿಕೊಟ್ಟು, ದುಡ್ಡು ಬೇಡವೆಂದಳು.

ಮರುದಿನ ಶಾಂತಲಾಬಾಯಿ ಬರುವಷ್ಟರಲ್ಲಿ ಪೊಲೀಸರು ಹುಲಿಗೆಮ್ಮನ ಸಾಮಾನಿನ ಪೆಟ್ಟಿಗೆಯನ್ನು ಜೀಪಿಗೆ ಹಾಕಿದ್ದರು.

"ಇಲ್ಲಿ ಕುಂದ್ರಾಕ ರಸೀದಿ ಎಲ್ಲೈತಿ?" ಪೊಲೀಸನೊಬ್ಬ ಕೇಳಿದ.

"ಹರದೇನ್ರೀ."

"ಹರಿ ಅಂತ ಯಾವ ಶಾಣ್ಯಾ ಹೇಳಿದ?"

ಶಾಂತಲಾಬಾಯಿ ಗುಂಪಿನಲ್ಲಿ ನಿಂತಿದ್ದರು. ಹುಲಿಗೆಮ್ಮ ಅವರನ್ನು ನೋಡಿದಳು.

"ಯಾರೂ ಹೇಳಿಲ್ರೀ ಸಾಹೇಬ್ರ, ನಂದ ತಪ್ಪು."