ಕಾರಿಗೆ ಮುಡಿಸಿದ ಮಲ್ಲಿಗೆ

ಮಲ್ಲಿಗೆಯ ಘಮದಲ್ಲಿ ಪೆಟ್ರೋಲಿನ ವಾಸನೆ ಬೆರೆತರೆ ಇಂದಿಗೂ ನನಗೆ ಆ ಆಯುಧಪೂಜೆಯ ಮಧ್ಯಾಹ್ನ ನೆನಪಾಗುತ್ತದೆ. ಶ್ರೀನಿವಾಸಪುರದ ನಮ್ಮ ಮಾವಿನ ಮಂಡಿಯಲ್ಲಿ ತಾತ, ಅಜ್ಜಿ, ನಾನು ಇದ್ದೆವು. ಚಿನ್ನದ ಗಣಿಯ ದೊರೆಯೊಬ್ಬ ಬಿಟ್ಟುಹೋದ ಅಮೆರಿಕದ ಹಳೇ ಕಾರನ್ನು ತಾತ ಆಸೆಪಟ್ಟು ಕೊಂಡಿದ್ದರು. ಅದರ ಹಿತ್ತಾಳೆ ದೀಪಗಳನ್ನು ಮೆತ್ತಗೆ ಒರೆಸಿ, ಮೊಳಗಟ್ಟಲೆ ಮಲ್ಲಿಗೆ ಹಾಕಿದರು.

"ನನಗೊಂದು ತುಂಡಾದ್ರೂ ತಂದ್ರಾ?" ಅಜ್ಜಿ ಕೇಳಿದರು.

"ಅಷ್ಟು ದೂರದಿಂದ ಬಂದಿರೋಳು ಕಣೇ, ಮರ್ಯಾದೆ ಮಾಡಬೇಡ್ವಾ?" ತಾತ ಕಾರಿನ ಬಾನೆಟ್ಟು ಸವರಿದರು.

"ಹಂಗಾದ್ರೆ ರಾತ್ರಿಗೆ ಅವಳೇ ಮುದ್ದೆ ಕಟ್ಟಿ ಹಾಕ್ತಾಳೆ, ಉಣ್ಣಿ!"

ತಾತ ನಕ್ಕರು, ಅಜ್ಜಿ ನಗಲಿಲ್ಲ. ಬಾನೆಟ್ಟಿನ ಮಲ್ಲಿಗೆ ಕಿತ್ತು ತುರುಬಿಗೆ ಮುಡಿದು, ಮುಂದಿನ ಸೀಟಿನಲ್ಲಿ ಕೂತರು. "ನಡೀರಿ, ಮುಳಬಾಗಿಲಿಗೆ, ನಮ್ಮಣ್ಣನ ಮನೆಗೆ!"

ನನ್ನನ್ನು ಮನೆಯಲ್ಲೇ ಬಿಟ್ಟು ಹೋದ ಇಬ್ಬರೂ ಮರುದಿನ ಬಸ್ಸಿನಲ್ಲಿ ವಾಪಸ್ ಬಂದರು. ಕಾರು ಅಲ್ಲಿಯೇ ಕೆಟ್ಟು ನಿಂತಿತ್ತು. ಅಜ್ಜಿ ದಾರಿಯುದ್ದಕ್ಕೂ ತಾತನಿಗೆ ಸಮಾಧಾನ ಹೇಳುತ್ತಾ ಬಂದರಂತೆ.