ಎರವಲಿನ ಎಡಗಾಲು

ಪೌಲ್‌ರಾಜ್ ತನ್ನ ಎಡಗಾಲಿನ ಆಟವನ್ನು ಕ್ಲಬ್ಬಿನ ಅಕಾಡೆಮಿಗೆ ಎರವಲು ಕೊಟ್ಟು ವರ್ಷಗಳೇ ಆಗಿದ್ದವು. ಹಳೆಯ ಫುಟ್‌ಬಾಲ್ ಆಟಗಾರರೆಲ್ಲ ಹಾಗೆ ಕೊಡುತ್ತಿದ್ದರು; ಎಳೆಯರು ಅದನ್ನು ತಮ್ಮ ಕಾಲಿಗೆ ಹಾಕಿಸಿಕೊಂಡು ಒಂದು ಸೀಸನ್ ಆಡಿ, ಮುಂದಿನವರಿಗೆ ದಾಟಿಸುತ್ತಿದ್ದರು. ಪೌಲ್‌ರಾಜನಿಗೆ ಉಳಿದದ್ದು ನಡೆಯುವ ಕಾಲಷ್ಟೇ.

ಈ ಸಲ ಹಾಕಿಸಿಕೊಂಡಿದ್ದ ಭಾರ್ಗವಿ ಆಸ್ಟಿನ್ ಟೌನಿನ ಅವನ ಮನೆಗೇ ಹುಡುಕಿಕೊಂಡು ಬಂದಳು.

"ಅಂಕಲ್, ನಿಮ್ಮ ಕಾಲಿಗೊಂದು ಚಾಳಿ ಇದೆ. ಗೋಲ್ ಎದುರಿಗಿದ್ರೂ ಬಾಲನ್ನ ಬಲಗಡೆ ತಳ್ಳಿಬಿಡತ್ತೆ. ಅಲ್ಲಿ ಯಾರೂ ಇರಲ್ಲ. ಹೀಗೇ ಆದ್ರೆ ನನ್ನನ್ನ ಮೇನ್ ಟೀಮಿಗೆ ತಗೊಳ್ಳಲ್ವಂತೆ. ಅದೊಂದನ್ನ ಅಳಿಸೋಕೆ ನೀವು ಒಪ್ಪಬೇಕು."

ಪೌಲ್‌ರಾಜನ ಆಟದ ದಿನಗಳಲ್ಲಿ ಬಲಗಡೆ ಓಡಿಬರುತ್ತಿದ್ದವನು ಗೆಳೆಯ ಆರೋಗ್ಯಸ್ವಾಮಿ. ಪಾಸ್ ಕೊಡುವಾಗ ಪೌಲ್‌ರಾಜ್ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಆರೋಗ್ಯ ಅಲ್ಲಿ ಇದ್ದೇ ಇರುತ್ತಿದ್ದ. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಾಲಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

"ಅಳಿಸಮ್ಮಾ," ಎಂದ ಪೌಲ್‌ರಾಜ್. "ಅದಕ್ಕೆ ಮುಂಚೆ ಇಲ್ಲೇ ಒಂದ್ಸಲ ಹೊಡಿ."

ಭಾರ್ಗವಿ ಬೀದಿಯಲ್ಲಿ ನಿಂತು, ಎದುರಿನ ಗೇಟಿಗೆ ನೇರ ಗುರಿಯಿಟ್ಟು ಒದ್ದಳು. ಚೆಂಡು ಬಲಕ್ಕೆ ಹೊರಳಿತು. ಲುಂಗಿ ಎತ್ತಿ ಕಟ್ಟಿದ ಪೌಲ್‌ರಾಜ್ ಆಗಲೇ ಅಲ್ಲಿಗೆ ಓಡುತ್ತಿದ್ದ.